ಕೆಳಗಿನ ಮನೆಯ ಬೆಲ್ ಒತ್ತಿ ನೋಡಿ

ಹಳೇ ಫ್ಲ್ಯಾಟು, ಹೊಸ ಫ್ಲ್ಯಾಟು, ಸೋರುವ ಬಾತ್‌ರೂಮು, ಮುನಿಸಿಕೊಂಡ ಬ್ರೋಕರು. ಈ ಸಲದ ಪತ್ರಗಳಲ್ಲಿ ಎಲ್ಲವೂ ಇವೆ. ಹೊಸ ಓದುಗರಿಗೆ ಒಂದು ಮಾತು: ನಾನು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದುಕೊಂಡು ಹನ್ನೊಂದು ವರ್ಷದಿಂದ ಜನ ಕೊಳ್ಳಹೊರಟ ಮನೆಗಳನ್ನು ತಟ್ಟಿ, ಬಡಿದು, ಮೂಸಿ ನೋಡಿ ವರದಿ ಬರೆದುಕೊಡುವವನು. ಆಫೀಸಿಲ್ಲ, ಬಾಸ್ ಇಲ್ಲ, ತಿಂಗಳ ಸಂಬಳವೂ ಇಲ್ಲ.

ಪ್ರಶ್ನೆ: ಥಾಣೆಯಲ್ಲಿ ಹದಿನಾಲ್ಕು ವರ್ಷ ಹಳೆಯ ಎರಡು ಬೆಡ್‌ರೂಮಿನ ಫ್ಲ್ಯಾಟ್ ನೋಡಿದ್ದೇವೆ. ಮೊನ್ನೆ ಮೊನ್ನೆ ಪೇಂಟ್ ಮಾಡಿಸಿದ್ದಾರೆ, ಮನೆ ಫಳಫಳ ಅನ್ನುತ್ತಿದೆ. ಇನ್‌ಸ್ಪೆಕ್ಟರಿಗೆ ಯಾಕೆ ಸುಮ್ನೆ ದುಡ್ಡು, ನಾನೇ ನೋಡುತ್ತೇನೆ ಅಂತಾರೆ ನಮ್ಮ ಭಾವ. ಏನು ಮಾಡಲಿ? (ಒಬ್ಬ ಗೃಹಿಣಿ, ಥಾಣೆ)

ಉತ್ತರ: ಭಾವನವರೇ ನೋಡಲಿ, ನನ್ನ ತಕರಾರೇನೂ ಇಲ್ಲ. ಆದರೆ ಹಾಲ್‌ನಲ್ಲಿ ನಿಂತು ಫ್ಯಾನ್ ಹಾಕಿ, ಕಿಟಕಿಯಿಂದ ಗಾಳಿ ಚೆನ್ನಾಗಿ ಬರುತ್ತೆ ಅಂತ ಹೇಳಿ ಬಂದರೆ ಅದು ನೋಡಿದ ಹಾಗಲ್ಲ. ಮಾರುವ ಮನೆಗೆ ಪೇಂಟ್ ಮಾಡಿಸುವುದು ತಪ್ಪಲ್ಲ, ಎಲ್ಲರೂ ಮಾಡಿಸುತ್ತಾರೆ. ಪೇಂಟರು ಕೈ ಹಾಕದ ಜಾಗ ಕೆಲವು ಇರುತ್ತವೆ. ಗೋಡೆಗೆ ಕೂರಿಸಿದ ಕಪಾಟಿನ ಒಳಮೈ, ಸಿಂಕಿನ ಕೆಳಗೆ, ಗೀಸರ್ ಮೇಲಿನ ಮೂಲೆ, ಅಟ್ಟದ ಹಿಂಭಾಗ. ಅಲ್ಲಿ ಬಿಳಿ ಉಪ್ಪಿನಂಥ ಪುಡಿ ಕಂಡರೆ, ಕೈ ಇಟ್ಟಾಗ ಗಾರೆ ಉದುರಿದರೆ, ಗೋಡೆಯೊಳಗೆ ನೀರು ಓಡಾಡಿದೆ ಅಂತ ಅರ್ಥ. ಒಂದೇ ಒಂದು ಕೋಣೆಗೆ ಮಾತ್ರ ಫಾಲ್ಸ್ ಸೀಲಿಂಗ್ ಇದ್ದರೆ ಯಾಕೆ ಅಂತ ಕೇಳಿ. ಚೆಂದಕ್ಕೆ ಹಾಕಿಸಿದ್ದೂ ಇರಬಹುದು, ಮೇಲಿನ ಮನೆಯ ಬಾತ್‌ರೂಮಿನ ಕಲೆ ಮುಚ್ಚಲು ಹಾಕಿಸಿದ್ದೂ ಇರಬಹುದು.

ಇನ್ನೊಂದು ಕೆಲಸ ಮಾಡಿ. ಇದಕ್ಕೆ ಯಾವ ಯಂತ್ರವೂ ಬೇಡ. ಒಂದು ಮಹಡಿ ಇಳಿದು ಕೆಳಗಿನ ಮನೆಯ ಬೆಲ್ ಒತ್ತಿ. ಮೇಲಿನ ಫ್ಲ್ಯಾಟ್ ನೋಡಲು ಬಂದಿದ್ದೇವೆ, ನಿಮ್ಮ ಬಾತ್‌ರೂಮಿನ ಸೀಲಿಂಗ್ ಒಮ್ಮೆ ನೋಡಬಹುದಾ ಅಂತ ಕೇಳಿ. ಜನ ತೋರಿಸುತ್ತಾರೆ, ನನ್ನ ಅನುಭವದಲ್ಲಿ ಬೇಡ ಅಂದವರು ಕಡಿಮೆ. ಅಲ್ಲಿ ಸೋರಿಕೆ ಇದ್ದರೆ ಅವರು ಎರಡು ವರ್ಷದಿಂದ ಯಾರಾದರೂ ಕೇಳಲಿ ಅಂತ ಕಾಯುತ್ತಿರುತ್ತಾರೆ, ಚಹಾ ಕೊಟ್ಟು ಇಡೀ ಕಥೆ ಹೇಳುತ್ತಾರೆ. ಮಹಾರಾಷ್ಟ್ರದ ಮಾದರಿ ಸೊಸೈಟಿ ಬೈಲಾ, ಅಂದರೆ ವಸತಿ ಸಂಘದ ನಿಯಮಾವಳಿ ಪ್ರಕಾರ ಮಳೆನೀರಿನ ಸೋರಿಕೆ, ಹೊರಗಿನ ಪೈಪಿನ ಸೋರಿಕೆ ಸೊಸೈಟಿ ಖರ್ಚು. ಬಾತ್‌ರೂಮು, ಸಿಂಕಿನಿಂದ ಆಗುವ ಒಳಗಿನ ಸೋರಿಕೆ ಫ್ಲ್ಯಾಟಿನವರ ಖರ್ಚು. ಅಂದರೆ ನೀವು ಕೊಂಡ ದಿನದಿಂದ ಆ ಜಗಳದಲ್ಲಿ ನಿಮ್ಮದೂ ಪಾಲು.

ಇಷ್ಟು ನೋಡಿದ ಮೇಲೂ ಅನುಮಾನ ಉಳಿದರೆ ಆಗ ನನ್ನಂಥವರನ್ನು ಕರೆಯಿರಿ. ಭಾವನವರಿಗೂ ಬೇಸರವಾಗುವುದಿಲ್ಲ.

ಪ್ರಶ್ನೆ: ನಾನು ಸಿವಿಲ್ ಇಂಜಿನಿಯರ್, ಕೆಲಸ ಬಿಟ್ಟು ಒಂದು ವರ್ಷದಿಂದ ವಾಕಡ್, ಹಿಂಜವಡಿ ಕಡೆ ಸ್ವಂತವಾಗಿ ಮನೆ ತಪಾಸಣೆ ಮಾಡುತ್ತಿದ್ದೇನೆ. ಬ್ರೋಕರ್‌ಗಳು ಸ್ವಲ್ಪ ಅಡ್ಜಸ್ಟ್ ಮಾಡಿ ಅಂತಾರೆ. ವ್ಯವಹಾರ ಮುರಿದುಬಿದ್ದರೆ ಗಿರಾಕಿ ದುಡ್ಡು ಕೊಡುವುದಿಲ್ಲ. ಆರು ತಿಂಗಳ ಮೇಲೆ ಏನಾದರೂ ಕೆಟ್ಟರೆ ನೀವೇನು ನೋಡಿದ್ರಿ ಅಂತ ಜಗಳಕ್ಕೆ ಬರುತ್ತಾರೆ. ಮತ್ತೆ ಕೆಲಸಕ್ಕೆ ಸೇರಿಬಿಡೋಣ ಅನ್ನಿಸುತ್ತಿದೆ. (ಒಬ್ಬ ಯುವಕ, ಪುಣೆ)

ಉತ್ತರ: ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಅಂತ ನಮ್ಮಲ್ಲಿ ಗಾದೆಯೇ ಇದೆಯಲ್ಲ ತಮ್ಮಾ, ನಾವು ಅದನ್ನೇ ಹೊಟ್ಟೆಪಾಡು ಮಾಡಿಕೊಂಡಿದ್ದೇವೆ. ಟೋಕನ್ ಕೊಟ್ಟಾಗಿದೆ, ಊರಿಗೆ ಫೋನ್ ಹೋಗಿದೆ, ಅತ್ತೆ ದೇವರಕೋಣೆ ಎಲ್ಲಿ ಅಂತ ಗುರುತು ಹಾಕಿದ್ದಾರೆ, ಅಂಥ ಹೊತ್ತಿಗೆ ನಾವು ಹೋಗಿ ಪಶ್ಚಿಮದ ಗೋಡೆ ತೇವ ಅನ್ನಬೇಕು. ಮುಖ ಗಂಟು ಹಾಕದೆ ಇನ್ನೇನು ಮಾಡುತ್ತಾರೆ?

ಮೊದಲು ಬ್ರೋಕರ್ ವಿಷಯ. ಮೊದಲೆರಡು ವರ್ಷ ನಾನೂ ಬ್ರೋಕರ್‌ಗಳು ಕಳಿಸಿದ ಕೆಲಸ ಮಾಡಿದೆ. ಯಾರೂ ಬೆದರಿಸಲಿಲ್ಲ, ದುಡ್ಡಿನ ಆಮಿಷ ಒಡ್ಡಲಿಲ್ಲ. ಮುಂದಿನ ಗಿರಾಕಿಯನ್ನು ಕಳಿಸುತ್ತಾರೋ ಇಲ್ಲವೋ ಅನ್ನುವ ಹೆದರಿಕೆಯಲ್ಲಿ ನಾನೇ ಮಾತು ಮೆತ್ತಗೆ ಮಾಡತೊಡಗಿದೆ. ‘ಸೋರಿಕೆ’ ಹೋಗಿ ‘ತೇವದ ಕುರುಹು’ ಆಯಿತು. ಆಮೇಲೆ ಅದೂ ಹೋಗಿ ‘ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ’ ಆಯಿತು. ಒಂದು ದಿನ ನನ್ನ ಹಳೆಯ ವರದಿ ನಾನೇ ಓದಿ, ಇದರಲ್ಲಿ ಮನೆ ಸೋರುತ್ತದೆ ಅಂತ ಎಲ್ಲಿದೆ ಅಂತ ಹುಡುಕಬೇಕಾಯಿತು. ಅಂದಿನಿಂದ ಕೊಳ್ಳುವವರು ನೇರ ಕರೆದರೆ ಮಾತ್ರ ಹೋಗುತ್ತೇನೆ. ಕೆಲಸ ಅರ್ಧಕ್ಕಿಳಿಯಿತು. ಮೂರು ವರ್ಷ ತೆಗೆದುಕೊಂಡಿತು ಮತ್ತೆ ಏಳಲು. ಸುಲಭ ಅಂತ ನಾನು ಹೇಳುವುದಿಲ್ಲ.

ದುಡ್ಡಿಗೆ ನನ್ನದು ಒಂದೇ ನಿಯಮ. ಅರ್ಧ ಬುಕ್ ಮಾಡುವಾಗ, ಉಳಿದರ್ಧ ಮನೆ ನೋಡಿ ಮುಗಿಸಿದ ಮೇಲೆ, ವರದಿ ಕಳಿಸುವ ಮೊದಲು. ‘ಆ ಮನೆಯೇ ಬೇಡ ಅಂತ ಬಿಟ್ವಿ, ಇನ್ನು ನಿಮಗೇನು ಕೊಡೋದು’ ಅಂತ ಒಬ್ಬರು ನನಗೆ ಹೇಳಿದ್ದರು, ತಮಾಷೆಗಲ್ಲ. ನನ್ನ ವರದಿಯಿಂದಲೇ ಅವರ ಲಕ್ಷಗಟ್ಟಲೆ ಉಳಿಯಿತು, ನನ್ನ ಆರು ಸಾವಿರ ಇವತ್ತಿಗೂ ಬಂದಿಲ್ಲ. ಮುಂಗಡ ಕೇಳಿದರೆ ಗಿರಾಕಿ ಓಡಿಹೋಗುತ್ತಾರೆ ಅಂತ ನಿಮಗೆ ಅನ್ನಿಸಬಹುದು. ಓಡುವವರು ಹೇಗೂ ಕೊಡುವವರಲ್ಲ. ಆಂ, ಸೇವೆಯ ವ್ಯವಹಾರ ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ನನಗೆ ಆ ಚಿಂತೆ ಇನ್ನೂ ಬಂದಿಲ್ಲ. ಪಿತೃಪಕ್ಷದ ಹದಿನೈದು ದಿನ ಯಾರೂ ಮನೆಯ ಮಾತೇ ಎತ್ತುವುದಿಲ್ಲ, ಮನೆ ಖರ್ಚಿನ ಲೆಕ್ಕದಲ್ಲಿ ಅದನ್ನೂ ಸೇರಿಸಿಕೊಳ್ಳಿ.

ಈಗ ನಿಮ್ಮ ಕಷ್ಟದ ಪ್ರಶ್ನೆ, ನೀವೇನು ನೋಡಿದ್ರಿ ಅನ್ನುವುದು. ವಸಾಯಿಯಲ್ಲಿ ಒಂದು ಫ್ಲ್ಯಾಟ್, ಮಾರ್ಚ್ ತಿಂಗಳಲ್ಲಿ ನೋಡಿದ್ದು. ಮಳೆ ನಿಂತು ಐದು ತಿಂಗಳಾಗಿತ್ತು, ಗೋಡೆ ಒಣಗಿ ಕಟ್ಟಿಗೆಯಾಗಿತ್ತು, ತೇವ ಅಳೆಯುವ ಮೀಟರ್ ಏನೂ ತೋರಿಸಲಿಲ್ಲ. ಹೊರಗೋಡೆಯಲ್ಲಿ ಬಿರುಕಿದೆ, ಮಳೆಗಾಲದಲ್ಲಿ ನೀರು ಒಳಗೆ ಬರಬಹುದು ಅಂತ ಬರೆದಿದ್ದೆ. ಜುಲೈನಲ್ಲಿ ಬೆಳಗ್ಗೆ ಆರಕ್ಕೆ ಫೋನು. ‘ಬೆಡ್‌ರೂಮಿನಲ್ಲಿ ಬಕೆಟ್ ಇಟ್ಟಿದ್ದೇವೆ, ನೀವೇನ್ರೀ ನೋಡಿದ್ದು?’ ಒಂಬತ್ತನೇ ಪುಟದಲ್ಲಿ ಇದೆಯಲ್ಲ ಸಾರ್ ಅಂದೆ. ‘ಒಂಬತ್ತನೇ ಪುಟ ಯಾರು ಓದುತ್ತಾರೆ? ಅವತ್ತು ಕಾಫಿ ಕುಡಿಯುವಾಗ ಬಾಯಿಬಿಟ್ಟು ಹೇಳಬೇಕಿತ್ತು’ ಅಂದರು. ಅವತ್ತಿಡೀ ನನಗೆ ಸಿಟ್ಟು. ಸಂಜೆ ಲೋಕಲ್‌ನಲ್ಲಿ ನಿಂತುಕೊಂಡು ಬರುವಾಗ ಅನ್ನಿಸಿತು, ಅವರು ಹೇಳಿದ್ದರಲ್ಲಿ ಹುರುಳಿದೆ.

ಅದಕ್ಕೇ ಈಗ ಮನೆಯಿಂದ ಹೊರಡುವ ಮೊದಲು ಎಲ್ಲರನ್ನೂ ಕೂರಿಸಿ ಮೂರೇ ಮೂರು ದೊಡ್ಡ ವಿಷಯ ಬಾಯಲ್ಲಿ ಹೇಳುತ್ತೇನೆ. ಅದನ್ನೇ ರಾತ್ರಿ ವಾಟ್ಸಾಪ್‌ನಲ್ಲಿ ಅವರ ಭಾಷೆಯಲ್ಲಿ ವಾಯ್ಸ್ ಮಾಡಿ ಕಳಿಸುತ್ತೇನೆ. ವರದಿಯ ಮೊದಲ ಪುಟದಲ್ಲಿ ನಾನು ನೋಡಲಾಗದೆ ಬಿಟ್ಟದ್ದರ ಪಟ್ಟಿ ಇರುತ್ತದೆ, ಫೋಟೋ ಸಮೇತ. ಕಪಾಟು ತುಂಬಿತ್ತು, ಹಿಂದಿನ ಗೋಡೆ ಕಾಣಲಿಲ್ಲ. ಟೆರೇಸಿಗೆ ಬೀಗ ಇತ್ತು, ಕೀ ಸೆಕ್ರೆಟರಿ ಹತ್ತಿರ, ಸೆಕ್ರೆಟರಿ ಗಾಂವ್‌ಗೆ, ಅಂದರೆ ಹುಟ್ಟೂರಿಗೆ ಹೋಗಿದ್ದಾರೆ. (ನಾನು ಹೋದ ದಿನ ಸೆಕ್ರೆಟರಿ ಯಾವಾಗಲೂ ಗಾಂವ್‌ಗೇ ಹೋಗಿರುತ್ತಾರೆ.) ಬಾತ್‌ರೂಮಿನ ನಹಾನಿ ಟ್ರ್ಯಾಪ್ (ನೆಲದ ನೀರು ಹೋಗುವ ಕಿಂಡಿ) ಮುಚ್ಚಿ 24 ಗಂಟೆ ನೀರು ನಿಲ್ಲಿಸಿ ನೋಡಿದರೆ ಸೋರಿಕೆ ಪಕ್ಕಾ ಗೊತ್ತಾಗುತ್ತದೆ, ಆದರೆ ಜನ ಇರುವ ಮನೆಯಲ್ಲಿ ಅದಕ್ಕೆ ಯಾರು ಒಪ್ಪುತ್ತಾರೆ? ಒಪ್ಪಲಿಲ್ಲ ಅಂತ ಬರೆಯಿರಿ.

ಇನ್ನು ಥರ್ಮಲ್ ಕ್ಯಾಮೆರಾ. ಇದು ಗೋಡೆಯ ಒಳಗಿನದ್ದೆಲ್ಲ ತೋರಿಸುವ ಎಕ್ಸ್‌ರೇ ಅಂತ ಗಿರಾಕಿಗಳ ನಂಬಿಕೆ. ಅದು ತೋರಿಸುವುದು ಮೇಲ್ಮೈಯ ಬಿಸಿ ತಂಪು ಅಷ್ಟೇ. ತೇವ ಆರುವಾಗ ಗೋಡೆ ತಂಪಾಗುತ್ತದೆ, ಆ ತಂಪು ಕಾಣುತ್ತದೆ. ಪಕ್ಕದ ಕೋಣೆಯ ಎಸಿಯಿಂದ ಗೋಡೆ ತಂಪಾಗಿದ್ದರೂ ಹಾಗೆಯೇ ಕಾಣುತ್ತದೆ. ಗೋಡೆಯಲ್ಲಿ ಉಪ್ಪು ಕೂತಿದ್ದರೆ ಮೀಟರ್ ಕೂಡ ಸುಳ್ಳು ಹೇಳುತ್ತದೆ. ಎರಡೂ ಒಂದೇ ಮಾತು ಹೇಳಿದರೆ ಮಾತ್ರ ನಾನು ತೇವ ಅಂತ ಬರೆಯುವುದು. ಇಷ್ಟು ದುಬಾರಿ ಕ್ಯಾಮೆರಾವನ್ನು ಎದೆಗೆ ಅವುಚಿಕೊಂಡು ಮುಂಬೈಯ ದಾದರಿನಲ್ಲಿ ಸೆಂಟ್ರಲ್ ಲೈನಿನ ಲೋಕಲ್‌ನಿಂದ ಇಳಿದು ವೆಸ್ಟರ್ನ್ ಲೈನಿನದಕ್ಕೆ ಹತ್ತುವ ಕಷ್ಟ ನಿಮಗೆ ಪುಣೆಯಲ್ಲಿ ಇಲ್ಲ, ಅಷ್ಟಾದರೂ ಸಮಾಧಾನ ಮಾಡಿಕೊಳ್ಳಿ.

ಕೆಲಸಕ್ಕೆ ಸೇರಬೇಕೋ ಬೇಡವೋ ನಾನು ಹೇಳಲಾರೆ. ಕೊಳ್ಳಬೇಕೋ ಬೇಡವೋ ಅಂತ ಗಿರಾಕಿ ಕೇಳಿದಾಗಲೂ ನಾನು ಹೇಳುವುದಿಲ್ಲ.

ಪ್ರಶ್ನೆ: ನೀವು ವಾಸ್ತು ಕೂಡ ನೋಡುತ್ತೀರಾ? (ಒಬ್ಬ ಓದುಗರು, ಕಲ್ಯಾಣ)

ಉತ್ತರ: ಇಲ್ಲ. ಈಶಾನ್ಯದಲ್ಲಿ ಶೌಚಾಲಯ ಇದ್ದರೆ ಅದು ಸೋರುತ್ತದೋ ಇಲ್ಲವೋ ಅಷ್ಟೇ ನೋಡುತ್ತೇನೆ.

ಪ್ರಶ್ನೆ: ಮೀರಾರೋಡ್‌ನಲ್ಲಿ ಹೊಸ ಟವರಿನಲ್ಲಿ ಫ್ಲ್ಯಾಟ್. ಕರೆಸಿದ ಇನ್‌ಸ್ಪೆಕ್ಟರ್ 62 ಪುಟದ ವರದಿ ಕೊಟ್ಟಿದ್ದಾರೆ, 140 ದೋಷವಂತೆ! ಯಜಮಾನರಿಗೆ ಊಟ ಸೇರುತ್ತಿಲ್ಲ. ಮೊದಲು ಪೊಸೆಷನ್ ಪತ್ರಕ್ಕೆ (ಮನೆ ನಮ್ಮ ವಶಕ್ಕೆ ಬಂತು ಅನ್ನುವ ಪತ್ರ) ಸಹಿ ಹಾಕಿ, ಆಮೇಲೆ ಸರಿಮಾಡಿಕೊಡುತ್ತೇವೆ ಅಂತಾರೆ ಬಿಲ್ಡರ್ ಕಡೆಯವರು. (ಒಬ್ಬ ಶಿಕ್ಷಕಿ, ಮೀರಾರೋಡ್)

ಉತ್ತರ: ಯಜಮಾನರು ನೆಮ್ಮದಿಯಾಗಿ ಊಟ ಮಾಡಲಿ. 140ರಲ್ಲಿ 110 ಪೇಂಟಿನ ಚುಕ್ಕೆ, ಬಾಗಿಲಿನ ಗೀರು, ಟೈಲ್ಸಿನ ಸಂದಿಯಲ್ಲಿ ಗ್ರೌಟ್ ಇಲ್ಲದಿರುವುದು, ಇಂಥವೇ ಇರುತ್ತವೆ. ನಮ್ಮ ಕಸುಬಿನವರ ಒಂದು ಕೆಟ್ಟ ಚಾಳಿ ಇದು, ಪುಟ ಜಾಸ್ತಿಯಾದರೆ ದುಡ್ಡಿಗೆ ತಕ್ಕ ಕೆಲಸ ಕಂಡಂತಾಗುತ್ತದೆ. ನೀವು ಹುಡುಕಬೇಕಾದದ್ದು ಮೂರು: ನೀರು, ಕರೆಂಟು, ಇಳಿಜಾರು. ಕಿಟಕಿಯ ಸುತ್ತ ನೀರು ಬರುತ್ತಿದೆಯೇ? ಪ್ಲಗ್ ಪಾಯಿಂಟುಗಳಿಗೆ ಅರ್ಥಿಂಗ್ ಇದೆಯೇ? ಮೂರು ತೂತು ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಅಂತಲ್ಲ, ಹಿಂದೆ ತಂತಿಯೇ ಇಲ್ಲದ್ದನ್ನು ಎಷ್ಟೋ ನೋಡಿದ್ದೇನೆ. ಮೇನ್ ಬೋರ್ಡಿನ ಆರ್‌ಸಿಸಿಬಿಯ (ಕರೆಂಟು ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್ಚು) ಟೆಸ್ಟ್ ಬಟನ್ ಒತ್ತಿದರೆ ಟಕ್ಕನೆ ಬೀಳಬೇಕು. ಬಾತ್‌ರೂಮಿನಲ್ಲಿ ಒಂದು ಬಕೆಟ್ ನೀರು ಸುರಿದರೆ ಬಾಗಿಲ ಕಡೆ ಬರದೆ ಟ್ರ್ಯಾಪಿಗೆ ಹೋಗಬೇಕು. ಟೈಲ್ಸನ್ನು ಹಲಸಿನ ಹಣ್ಣಿನ ಹಾಗೆ ಬೆರಳಲ್ಲಿ ತಟ್ಟಿ ನೋಡಿ. ಒಂದೆರಡು ಮೂಲೆ ಟೊಳ್ಳು ಸದ್ದು ಮಾಡಿದರೆ ಬಿಡಿ, ಇಡೀ ಸಾಲೇ ಮಾಡಿದರೆ ಬಿಡಬೇಡಿ. ಮನೆ ಕಟ್ಟಿ ನೋಡು ಅಂದ ಹಿರಿಯರು, ಕಟ್ಟಿದ್ದನ್ನು ತಟ್ಟಿ ನೋಡು ಅಂತಲೂ ಒಂದು ಮಾತು ಸೇರಿಸಬೇಕಿತ್ತು ಅಲ್ವಾ?

ಕಾರ್ಪೆಟ್ ಏರಿಯಾ ಕಡಿಮೆ ಬಂತು ಅಂತಲೂ ಬರೆದಿದ್ದೀರಿ. ಕೋಣೆ ಕೋಣೆ ಅಳೆದು ಕೂಡಿಸಿದರೆ ಕಡಿಮೆಯೇ ಬರುತ್ತದೆ. ಬಿಲ್ಡರ್‌ಗಳನ್ನು ನಿಯಂತ್ರಿಸುವ ರೇರಾ ಕಾಯ್ದೆಯ ಕಾರ್ಪೆಟ್ ಏರಿಯಾದಲ್ಲಿ ಮನೆಯೊಳಗಿನ ಅಡ್ಡಗೋಡೆಗಳ ಜಾಗವೂ ಸೇರುತ್ತದೆ. ಹೊರಗೋಡೆ, ಬಾಲ್ಕನಿ, ಪೈಪು ಇಳಿಯುವ ಡಕ್ಟ್ ಸೇರುವುದಿಲ್ಲ. ಇನ್ನೊಮ್ಮೆ ಲೆಕ್ಕ ಹಾಕಿ, ಆಮೇಲೆ ಜಗಳ ಮಾಡಿ.

ಸಹಿಯ ವಿಷಯ. 2016ರ ರೇರಾ ಕಾಯ್ದೆಯ 14ನೇ ಕಲಮಿನ ಪ್ರಕಾರ ಪೊಸೆಷನ್ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲೋ ಕೆಲಸದ ಗುಣಮಟ್ಟದಲ್ಲೋ ದೋಷ ಕಂಡು ನೀವು ತಿಳಿಸಿದರೆ ಬಿಲ್ಡರ್ 30 ದಿನದೊಳಗೆ ತನ್ನ ಖರ್ಚಿನಲ್ಲಿ ಸರಿಮಾಡಬೇಕು. ಮಾಡದಿದ್ದರೆ ಮಹಾರಾಷ್ಟ್ರದ ರೇರಾ ಪ್ರಾಧಿಕಾರವಾದ ಮಹಾರೇರಾಕ್ಕೆ ದೂರು ಕೊಡಬಹುದು. ಹಾಗಾಗಿ ಸಹಿ ಹಾಕಿದರೆ ಎಲ್ಲ ಮುಗಿಯಿತು ಅಂತ ಹೆದರಬೇಡಿ. ಆದರೆ ‘ಎಲ್ಲವೂ ಸರಿಯಾಗಿದೆ, ಯಾವ ದೂರೂ ಇಲ್ಲ’ ಅನ್ನುವ ಸಾಲು ಇದ್ದರೆ ಅದರ ಕೆಳಗೆ ಕೈಬರಹದಲ್ಲಿ ‘ಲಗತ್ತಿಸಿದ ಪಟ್ಟಿಯ ದೋಷಗಳನ್ನು ಬಿಟ್ಟು’ ಅಂತ ಬರೆದು ಸಹಿ ಮಾಡಿ, ಫೋಟೋ ತೆಗೆದು ಅದೇ ದಿನ ಇಮೇಲ್ ಮಾಡಿ. ಓಸಿ, ಅಂದರೆ ಕಟ್ಟಡದಲ್ಲಿ ವಾಸಿಸಬಹುದು ಅನ್ನುವ ಸರ್ಟಿಫಿಕೇಟು ಬಂದಿದೆಯೇ ಅಂತ ಮಾತ್ರ ಮೊದಲು ನೋಡಿ. ಅದಿಲ್ಲದಿದ್ದರೆ ಸಹಿ ಬೇಡವೇ ಬೇಡ.

ಪ್ರಶ್ನೆ: ಡೊಂಬಿವಲಿಯ ನಮ್ಮ ಸೊಸೈಟಿಗೆ 32 ವರ್ಷ. ಬಾಲ್ಕನಿಗಳ ಕೆಳಗೆ ಗಾರೆ ಕಳಚಿ ಸರಳು ಕಾಣುತ್ತಿದೆ. ಅದರ ಕೆಳಗೇ ಮಕ್ಕಳು ಆಡುತ್ತಾರೆ. ಪ್ಲಾಸ್ಟರ್ ಹಾಕಿಸಿ ಪೇಂಟ್ ಹೊಡೆದರಾಯಿತು ಅಂತಾರೆ ಚೇರ್ಮನ್. ನೀವು ನಮ್ಮೂರಿನವರೇ, ಬಂದು ನೋಡಿ ಕಟ್ಟಡ ಗಟ್ಟಿಯಿದೆ ಅಂತ ಒಂದು ಪತ್ರ ಕೊಡುತ್ತೀರಾ? (ಸೊಸೈಟಿಯ ಒಬ್ಬ ಸದಸ್ಯರು)

ಉತ್ತರ: ಬಂದು ಚಹಾ ಕುಡಿಯುತ್ತೇನೆ, ಪತ್ರ ಕೊಡುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ. ನಾನು ಕಣ್ಣಿಗೆ ಕಂಡದ್ದು ಬರೆಯುವವನು. ಕಂಬ, ತೊಲೆ ಎಷ್ಟು ಭಾರ ತಡೆಯುತ್ತವೆ ಅಂತ ಸಹಿ ಹಾಕುವುದು ಕಾರ್ಪೊರೇಷನ್‌ನ ಪಟ್ಟಿಯಲ್ಲಿರುವ ಸ್ಟ್ರಕ್ಚರಲ್ ಇಂಜಿನಿಯರ್ ಕೆಲಸ. ಸೊಸೈಟಿ ಬೈಲಾ ಪ್ರಕಾರ 15ರಿಂದ 30 ವರ್ಷದ ಕಟ್ಟಡಕ್ಕೆ 5 ವರ್ಷಕ್ಕೊಮ್ಮೆ, 30 ದಾಟಿದರೆ 3 ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ (ಕಟ್ಟಡದ ಗಟ್ಟಿತನದ ತಪಾಸಣೆ) ಆಗಬೇಕು. ಹಿಂದಿನ ಆಡಿಟ್ ವರದಿ ಎಲ್ಲಿ ಅಂತ ಚೇರ್ಮನ್‌ರನ್ನು ಲಿಖಿತವಾಗಿ ಕೇಳಿ.

ಪ್ಲಾಸ್ಟರ್ ಯಾಕೆ ಸಾಲದು ಅಂತ ಹೇಳುತ್ತೇನೆ. ಒಳ್ಳೆಯ ಕಾಂಕ್ರೀಟು ಸರಳಿಗೆ ತುಕ್ಕು ಹಿಡಿಯದ ಹಾಗೆ ಕಾಪಾಡುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಒಳಗೆ ಇಳಿದು ಆ ಗುಣ ಹೋಗುತ್ತದೆ, ಮೇಲೆ ಮಳೆನೀರು ಬೇರೆ. ತುಕ್ಕು ಹಿಡಿದ ಸರಳು ಮೊದಲಿಗಿಂತ ಉಬ್ಬುತ್ತದೆ, ಉಬ್ಬಿ ಗಾರೆಯನ್ನು ಒಳಗಿನಿಂದ ಒದ್ದು ಬೀಳಿಸುತ್ತದೆ. ತುಕ್ಕು ತೆಗೆಯದೆ ಮೇಲೆ ಪ್ಲಾಸ್ಟರ್ ಬಳಿದರೆ ಒಳಗಿನ ಉಬ್ಬುವಿಕೆ ನಿಲ್ಲುವುದಿಲ್ಲ, ಹೊಸ ಪ್ಲಾಸ್ಟರಿನ ಭಾರವೂ ಸೇರಿ ಇನ್ನೂ ದೊಡ್ಡ ಹೆಂಟೆಯೇ ಕೆಳಗೆ ಬೀಳಬಹುದು. ಆಡಿಟ್‌ನವರು ಕಾಂಕ್ರೀಟನ್ನು ಸ್ವಲ್ಪ ಒಡೆದು ಫಿನಾಫ್ತಲೀನ್ ಅನ್ನುವ ದ್ರಾವಣ ಹಚ್ಚಿ ನೋಡುತ್ತಾರೆ. ಗುಲಾಬಿ ಬಣ್ಣ ಬಂದರೆ ಆ ಭಾಗ ಪರವಾಗಿಲ್ಲ, ಬಣ್ಣ ಬರದಿದ್ದರೆ ಕಾಪಾಡುವ ಗುಣ ಹೋಗಿದೆ. ಆಗ ನೀವೂ ಪಕ್ಕದಲ್ಲಿ ನಿಂತು ನೋಡಿ, ಚೇರ್ಮನ್‌ರನ್ನೂ ನಿಲ್ಲಿಸಿ.

ಅಲ್ಲಿಯವರೆಗೆ ಆ ಬಾಲ್ಕನಿಗಳ ಕೆಳಗೆ ಹಗ್ಗ ಕಟ್ಟಿಸಿ, ಮಕ್ಕಳನ್ನು ಗೇಟಿನ ಕಡೆ ಆಡಲು ಹೇಳಿ. ಇದಕ್ಕೆ ಮೀಟಿಂಗ್ ಬೇಡ. ಇವತ್ತು ಸಂಜೆಯೇ ಕಟ್ಟಿಸಿ.