ಸ್ಟ್ರೋಕ್ ಆಂಬುಲೆನ್ಸ್ ಮಾಮೂಲಿ ಆಂಬುಲೆನ್ಸ್‌ಗಿಂತ ಹೇಗೆ ಬೇರೆ? ಬೆಂಗಳೂರಿನ ಟ್ರಾಫಿಕ್‌ನಲ್ಲಿ ಅದರಿಂದ ಉಪಯೋಗವಿದೆಯೇ?

ಮುಖ್ಯ ವ್ಯತ್ಯಾಸ, ಒಳಗಿರುವ ಸಿಟಿ ಸ್ಕ್ಯಾನರ್. ಸ್ಟ್ರೋಕ್ (ಪಾರ್ಶ್ವವಾಯು) ಆದಾಗ ಮೆದುಳಿನ ರಕ್ತನಾಳ ಕಟ್ಟಿಕೊಂಡಿದೆಯೋ ಒಡೆದಿದೆಯೋ ಎಂಬುದು ಸ್ಕ್ಯಾನ್ ಇಲ್ಲದೆ ಖಚಿತವಾಗದು. ಒಡೆದಿದ್ದರೆ ಹೆಪ್ಪು ಕರಗಿಸುವ ಔಷಧವೇ ಪ್ರಾಣಕ್ಕೆ ಎರವಾದೀತು. ಜರ್ಮನಿಯಲ್ಲಿ 2008ರಲ್ಲಿ ಶುರುವಾದ ಈ ಪದ್ಧತಿಯಲ್ಲಿ ಸ್ಕ್ಯಾನ್, ಸಕ್ಕರೆ, ಬಿಪಿ (185/110ಕ್ಕಿಂತ ಕೆಳಗಿರಬೇಕು) ನೋಡಿ ಮನೆ ಬಾಗಿಲಲ್ಲೇ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ. ಅದಕ್ಕಿರುವ ಗಡುವು ಸಾಮಾನ್ಯವಾಗಿ ನಾಲ್ಕೂವರೆ ಗಂಟೆ, ಅದೂ ರೋಗಿ ಕೊನೆಯದಾಗಿ ಚೆನ್ನಾಗಿದ್ದ ಹೊತ್ತಿನಿಂದ. ಸಿಲ್ಕ್ ಬೋರ್ಡ್‌ನಲ್ಲಿ ಸಿಕ್ಕಿಕೊಂಡ ಅರ್ಧ ಗಂಟೆಯೂ ಅದರಲ್ಲೇ ಕಳೆಯುತ್ತದೆ, ಹಾಗಾಗಿ ಇಲ್ಲಿ ಉಪಯೋಗ ಖಂಡಿತ ಇದೆ.

ಆದರೆ ದಯವಿಟ್ಟು ಅಂಥ ವಾಹನಕ್ಕಾಗಿ ಕಾಯುತ್ತಾ ಕೂರಬೇಡಿ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ತಕ್ಷಣ 108. ಸ್ಕ್ಯಾನರ್ ಇಲ್ಲದ ಪಕ್ಕದ ಕ್ಲಿನಿಕ್‌ಗೆ ಮೊದಲು ಓಡಿದರೆ ಹೊತ್ತು ವ್ಯರ್ಥ. ನೀರು, ಆಸ್ಪಿರಿನ್ ಏನೂ ಕೊಡಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಚೀಟಿ ಜೊತೆಗಿರಲಿ.