ಹಳೆಯ ಕಾರ್ನೆಟ್‌ಗೆ ಟ್ರಂಪೆಟ್‌ನ ಮೌತ್‌ಪೀಸ್ ಯಾಕೆ ಆಗಲ್ಲ? ಯಾವುದನ್ನು ಕೊಳ್ಳಬೇಕು?

ಕಾರ್ನೆಟ್ ಅಂದರೆ ಟ್ರಂಪೆಟ್‌ನಂಥದ್ದೇ ಹಿತ್ತಾಳೆಯ ಊದುವಾದ್ಯ; ಮೌತ್‌ಪೀಸ್ ಅಂದರೆ ತುಟಿಗಿಟ್ಟು ಊದುವ ಭಾಗ. ಟ್ರಂಪೆಟ್‌ನದು ಆಗಲ್ಲ, ಯಾಕಂದ್ರೆ ಕಾರ್ನೆಟ್‌ ಮೌತ್‌ಪೀಸಿನ ಶ್ಯಾಂಕ್, ಅಂದರೆ ವಾದ್ಯದೊಳಗೆ ಕೂರುವ ಬಾಲ, ಟ್ರಂಪೆಟ್‌ನದಕ್ಕಿಂತ ಸಣ್ಣ. ಹಾಗಾಗಿ ಕಾರ್ನೆಟ್‌ ಮೌತ್‌ಪೀಸನ್ನೇ ತಗೊಳ್ಳಿ, ಅದೂ ಒಳಗೆ ಆಳವಾದ, ಆಲಿಕೆಯಂಥ ಬಟ್ಟಲಿರುವುದನ್ನು. ಹಳೆಯ ಕಾರ್ನೆಟ್‌ನ ಆ ಮೆತ್ತನೆಯ ದನಿ ಅರ್ಧಕ್ಕರ್ಧ ಬರುವುದು ಅಲ್ಲಿಂದಲೇ.

ಬ್ರ್ಯಾಂಡ್‌ಗಿಂತ ಅಳತೆ ಮುಖ್ಯ. ಬಟ್ಟಲು, ಶ್ಯಾಂಕ್‌ ಎರಡರ ಒಳಗಿನ ಗಾಳಿಯೂ ಕೊಳವೆಯ ಭಾಗವೇ. ಮೌತ್‌ಪೀಸ್ ತೀರ ಹೊರಗೇ ನಿಂತರೆ ಕೊಳವೆ ಉದ್ದವಾದಂತೆ, ಶ್ರುತಿ ಇಳಿಯುತ್ತದೆ. ಟ್ಯೂನಿಂಗ್ ಸ್ಲೈಡ್, ಅಂದರೆ ಶ್ರುತಿಗಾಗಿ ಒಳಗೆ ಹೊರಗೆ ಸರಿಸುವ ಕೊಳವೆ, ಅದನ್ನು ಒತ್ತಿ ಅದನ್ನೇನೋ ಸರಿಮಾಡಬಹುದು. ಆದರೆ ಬಟ್ಟಲಿನ ಗಾತ್ರ ವಾದ್ಯಕ್ಕೆ ಒಗ್ಗದಿದ್ದರೆ ಕೆಳಗಿನ ಸ್ವರ ಸರಿ, ಮೇಲಿನ ಸ್ವರ ಸೊಟ್ಟ. ಅದಕ್ಕೆ ಸ್ಲೈಡ್‌ ಮದ್ದಲ್ಲ.

ಅಂಗಡಿಯಲ್ಲೇ ನೋಡಿ: ತುರುಕಿ ಮೆಲ್ಲಗೆ ಅಲ್ಲಾಡಿಸಿ, ಕದಲಬಾರದು. ಆಮೇಲೆ ಒಂದೇ ಸ್ವರವನ್ನು ಎರಡು ಸ್ಥಾಯಿಗಳಲ್ಲಿ ಊದಿ, ಶ್ರುತಿ ತೋರಿಸುವ ಸಾಧನವಾದ ಟ್ಯೂನರ್‌ಗೆ ಹಿಡಿಯಿರಿ. ಸಡಿಲವಿದ್ದರೆ ಶ್ಯಾಂಕ್‌ಗೆ ತೆಳು ಕಾಗದ ಸುತ್ತಿ ಊದಿ ನೋಡಬಹುದು, ಪರೀಕ್ಷೆಗೆ ಮಾತ್ರ. ಬಿಗಿಯಾದರೆ, ಶ್ಯಾಂಕ್ ಕೂರುವ ವಾದ್ಯದ ಬಾಯಿಯನ್ನಂತೂ ಹಿಗ್ಗಿಸಲು ಉಜ್ಜಿಸಬೇಡಿ.

ಇನ್ನೊಂದು: ಬ್ರಿಟಿಷ್ ಬ್ರಾಸ್ ಬ್ಯಾಂಡ್‌ಗಳು 1960ರ ದಶಕದವರೆಗೂ ‘ಎ’ ಸ್ವರಕ್ಕೆ ಈಗಿನ 440 ಹರ್ಟ್ಸ್‌ ಬದಲು ಸುಮಾರು 452ರ ಶ್ರುತಿಯಲ್ಲಿ ನುಡಿಸುತ್ತಿದ್ದವು. ನಿಮ್ಮ ಕಾರ್ನೆಟ್ ಆ ಕಾಲದ್ದಾಗಿದ್ದು ಶ್ರುತಿ ಏರಿದಂತೆ ಕೇಳಿದರೆ, ತಪ್ಪು ಮೌತ್‌ಪೀಸಿನದ್ದಲ್ಲದಿರಬಹುದು.