ಸಾಲಿಯೋ, ತವರುಮನೆಯೋ?

ಓದುಗರ ಪತ್ರ:
"ನನ್ನ ಮೊಮ್ಮಗಳಿಗೆ ಮೂರೂವರೆ ವರ್ಷ. ಊರಿನ ಅಂಗನವಾಡಿಗೆ ಹಾಕಿ ಎರಡು ತಿಂಗಳಾಯ್ತು. ಇನ್ನೂ ಒಂದಕ್ಷರ ಕಲಿಸಿಲ್ಲ. ಬರೀ ಹಾಡು, ಆಟ, ಮಣ್ಣು. ಮೊದಲ ವಾರ ಅತ್ತಳು ಅಂತ ನನ್ನ ಸೊಸೆಯನ್ನೂ ಒಳಗೇ ಕೂಡಿಸಿಕೊಂಡರು. ಇದು ಸಾಲಿಯೋ, ತವರುಮನೆಯೋ? ಬಾಜೂ ಮನೆಯ ಹುಡುಗ ಟೈ ಕಟ್ಟಿಕೊಂಡು ವ್ಯಾನಿನಲ್ಲಿ ಎಲ್‌ಕೆಜಿಗೆ ಹೋಗುತ್ತಾನೆ. ಎ ಟು ಝಡ್ ಒದರುತ್ತಾನೆ, ಐವತ್ತರ ತನಕ ಬರೆಯುತ್ತಾನೆ. ನಾವೂ ವ್ಯಾನಿಗೆ ಹಾಕಬೇಕೇ? ನೇರ ಉತ್ತರ ಕೊಡಿ, ಸುತ್ತಿ ಬಳಸಬೇಡಿ."
- ಶಹಾಪುರ ತಾಲ್ಲೂಕಿನ ಒಬ್ಬ ಹಿರಿಯ ಓದುಗ

ಸಂಪಾದಕರ ಉತ್ತರ:

ಹಿರಿಯರಿಗೆ ಶರಣು.

ನೇರ ಉತ್ತರ: ಬೇಡ. ಕೂಸನ್ನು ವ್ಯಾನಿಗೆ ಹಾಕಬೇಡಿ. ಇಲ್ಲಿಗೆ ಉತ್ತರ ಮುಗಿಯಿತು. ಇನ್ನು ಮುಂದಿನದೆಲ್ಲ ಸುತ್ತಿ ಬಳಸುವುದೇ. ಅದನ್ನೂ ಬಿಟ್ಟರೆ ಈ ಅಂಕಣಕ್ಕೆ ಬೇರೆ ಕಸುಬಿಲ್ಲ.

'ಸಾಲಿಯೋ, ತವರುಮನೆಯೋ' ಅಂದಿರಲ್ಲ, ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ ಅದನ್ನೇ ತಲೆಬರಹ ಮಾಡಿದ್ದೇನೆ. ನೀವು ಬೈಯಲಿಕ್ಕೆ ಬರೆದಿರಿ. ನಾನು ಅದನ್ನು ಆ ಟೀಚರಿಗೆ ಕೊಟ್ಟ ಸರ್ಟಿಫಿಕೇಟ್ ಅಂತ ಓದಿಕೊಂಡೆ.

ನಾನು ಸಾಲಿಗೆ ಹೋದ ಮೊದಲ ದಿನ ನೆನಪಿದೆ. ಭಾಲ್ಕಿ ಕಡೆಯ ಹಳ್ಳಿ. ಮಾಸ್ತರರು ನಾಲ್ಕು ಮಂದಿ ದೊಡ್ಡ ಹುಡುಗರನ್ನು ನಮ್ಮ ಮನೆಗೆ ಕಳಿಸಿದ್ದರು. ಇಬ್ಬರು ಕೈ ಹಿಡಿದರು, ಇಬ್ಬರು ಕಾಲು ಹಿಡಿದರು. ಜಾತ್ರೆಗೆ ಕುರಿ ಹೊತ್ತೊಯ್ದಂತೆ ಹೊತ್ತೊಯ್ದರು. ದಾರಿಯಲ್ಲಿ ಒಬ್ಬನ ಮುಂಗೈಗೆ ಕಚ್ಚಿದೆ. ಅವನು ಈಗ ಊರಲ್ಲಿ ನಾಲ್ಕು ಮಂದಿಯ ಜಗಳ ಬಗೆಹರಿಸುವ ದೊಡ್ಡ ಮನುಷ್ಯ. ಹಲ್ಲಿನ ಗುರುತು ಈಗಲೂ ತೋರಿಸುತ್ತಾನೆ. ನಮ್ಮ ತಲೆಮಾರಿಗೆ ಸಿಕ್ಕ ಸ್ವಾಗತ ಅದು. ನಿಮಗೂ ಹೆಚ್ಚು ಕಡಿಮೆ ಅದೇ ಸಿಕ್ಕಿರಬೇಕು, ಅದಕ್ಕೇ ಸೊಸೆಯನ್ನು ಒಳಗೆ ಕೂಡಿಸಿಕೊಂಡಿದ್ದು ನಿಮಗೆ ವಿಚಿತ್ರ ಅನಿಸಿದೆ.

ಮೂರು ವರ್ಷದ ಹಿಂದೆ ಒಂದು ಜುಲೈಯಲ್ಲಿ ಚಿಂಚೋಳಿ ತಾಲ್ಲೂಕಿನ ಒಂದು ತಾಂಡಾಕ್ಕೆ ಬೇರೆ ಯಾವುದೋ ಕೆಲಸಕ್ಕೆ ಹೋಗಿದ್ದೆ. ಮಳೆ ಬಂತು. ಅಂಗನವಾಡಿಯ ಕಟ್ಟೆ ಹತ್ತಿ ನಿಂತೆ. ಹೊಸ್ತಿಲ ಮೇಲೆ ಒಬ್ಬ ಹುಡುಗ ಕೂತಿದ್ದ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಅಪ್ಪ ಅವ್ವ ಅವನನ್ನು ಅಜ್ಜಿಯ ಹತ್ತಿರ ಬಿಟ್ಟು ಪುಣೆಗೆ ದುಡಿಯಲಿಕ್ಕೆ ಹೋಗಿದ್ದರು. ಅಜ್ಜಿ ದಿನಾ ಅವನನ್ನು ತಂದು ಕೂಡಿಸಿ ಹೊಲಕ್ಕೆ ಹೋಗುತ್ತಿದ್ದಳು. ಆರು ದಿನದಿಂದ ಅವನ ಮುಕ್ಕಾಂ ಅದೇ ಹೊಸ್ತಿಲು.

ಟೀಚರ್ ಅವನನ್ನು 'ಬಾ' ಅನ್ನಲೇ ಇಲ್ಲ. ಕಾಳು ಕೇರುವ ಮರ ತಂದರು. ಅದರಲ್ಲಿ ಒಂದು ಹಿಡಿ ತೊಗರಿ, ಒಂದು ಹಿಡಿ ಕಡಲೆ, ಒಂದು ಹಿಡಿ ಹುಣಸೆಬೀಜ ಕಲಸಿತ್ತು. ಹೊಸ್ತಿಲಿಂದ ಒಂದು ಗೇಣು ಒಳಗೆ ಇಟ್ಟು, ತಮ್ಮ ಪಾಡಿಗೆ ಬೇರೆ ಮಕ್ಕಳ ಹತ್ತಿರ ಹೋಗಿಬಿಟ್ಟರು. ಹುಡುಗ ಮರ ನೋಡಿದ. ನನ್ನನ್ನು ನೋಡಿದ. ಆಮೇಲೆ ಕೂತಲ್ಲಿಂದಲೇ ಕೈ ಚಾಚಿ ಒಂದು ಹುಣಸೆಬೀಜ ಎತ್ತಿಕೊಂಡ. ಕೈ ಸರಿಯಾಗಿ ಎಟುಕಲಿಲ್ಲ ಅಂತ ಹೊರಗಿದ್ದ ಕಾಲನ್ನೂ ಒಳಗೆ ತಂದ.

"ನಿನ್ನಿ ಮರ ಹೊಸ್ತಿಲ ಮ್ಯಾಲೇ ಇತ್ರಿ," ಅಂದರು ಟೀಚರ್, ಮೆಲ್ಲಗೆ. "ಇವತ್ತ ಒಂದು ಗೇಣು ಒಳಗ ಸರಿಸೀನಿ. ಎತ್ತಿಕೊಂಡು ಒಳಗ ತರಲಿಕ್ಕ ಒಂದು ನಿಮಿಷ ಸಾಕ್ರಿ ಸರ್. ಆದ್ರ ನಾಳಿಗಿ ಅಂವ ಬರಂಗಿಲ್ಲ."

ಮಳೆ ನಿಂತಿತು, ನಾನು ಹೊರಡಲಿಲ್ಲ. ಅವತ್ತು ಮೊಟ್ಟೆ ಕೊಡುವ ದಿನ. ಅವನ ಪಾಲಿನ ಮೊಟ್ಟೆಯನ್ನೂ ಮರದ ಪಕ್ಕಕ್ಕೇ ಇಟ್ಟರು. ಹುಡುಗ ಬಿಳಿಯದನ್ನು ತಿಂದ. ಹಳದಿಯನ್ನು ಅಂಗಿಯ ಕಿಸೆಗೆ ಹಾಕಿಕೊಂಡ. ಅಜ್ಜಿಗಂತೆ.

ನಿಮ್ಮೂರಿನ ಟೀಚರ್ ಮಾಡಿದ್ದೂ ಇದನ್ನೇ. ಮರದ ಬದಲು ತಾಯಿಯನ್ನು ಇಟ್ಟುಕೊಂಡರು, ಅಷ್ಟೇ. ಸೊಸೆಯನ್ನು ಕೇಳಿ ನೋಡಿ: ಮೊದಲ ದಿನ ಕೂಸಿನ ಮಗ್ಗುಲಿಗೆ, ಮರುದಿನ ಗೋಡೆಯ ಹತ್ತಿರ, ಆಮೇಲೆ ಹೊರಗಿನ ಕಟ್ಟೆಗೆ. ಹೀಗೇ ಸರಿಸುತ್ತಾ ಬಂದಿರಬೇಕು.

ನಿಮ್ಮ ಮಾತಿನಲ್ಲೂ ನ್ಯಾಯವಿದೆ, ಇಲ್ಲ ಅನ್ನುವುದಿಲ್ಲ. ವ್ಯಾನ್ ಎಂಟೂವರೆಗೆ ಅಂದರೆ ಎಂಟೂವರೆಗೆ ಬರುತ್ತದೆ. ಅಂಗನವಾಡಿಗೆ ಒಮ್ಮೊಮ್ಮೆ ಬೀಗ ಇರುತ್ತದೆ. ಇಂಗ್ಲಿಷ್ ಬೇಕೇ ಬೇಕು. ಎಲ್ಲ ಟೀಚರುಗಳೂ ಆ ತಾಂಡಾದ ಟೀಚರಿನಂತೆ ಇರುವುದಿಲ್ಲ. ಒಪ್ಪಿದೆ. ಮುಂದೆ ಹೋಗೋಣ.

ಅಂಗನವಾಡಿ ಅನ್ನುವ ಹೆಸರು ಹುಟ್ಟಿದ ಕತೆ ಗೊತ್ತಲ್ಲವಾ? ಗುಜರಾತಿನಲ್ಲಿ ಗಿಜುಭಾಯಿ ಬಧೇಕಾ ಅಂತ ಒಬ್ಬ ವಕೀಲರಿದ್ದರು. ಮಗ ಹುಟ್ಟಿದ ಮೇಲೆ ಮಕ್ಕಳ ಓದಿನ ಚಿಂತೆ ಹತ್ತಿ, ವಕೀಲಿ ಬಿಟ್ಟು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಶುರು ಮಾಡಿದರು. ಜನ ಅವರನ್ನು 'ಮೂಛಾಳಿ ಮಾ' ಅಂದರು, ಅಂದರೆ ಮೀಸೆಯ ಅವ್ವ. ಕಾಲೇಜಿನ ಪ್ರಿನ್ಸಿಪಾಲ್ ಕೆಲಸ ಬಿಟ್ಟು ಬಂದ ತಾರಾಬಾಯಿ ಮೋಡಕ್ ಗಿಜುಭಾಯಿಯ ಜೊತೆ ಸೇರಿದರು. ಮುಂದೆ 1945ರಲ್ಲಿ ತಾರಾಬಾಯಿ ಮಹಾರಾಷ್ಟ್ರದ ಕಡಲ ದಂಡೆಯ ಬೋರ್ಡಿಯಲ್ಲಿ ಬಾಲವಾಡಿ ತೆಗೆದರು. ಅನುತಾಯಿ ವಾಘ್ ಜೊತೆಗಿದ್ದರು. ದಲಿತ ಕೇರಿಯ ಮಕ್ಕಳು ಬರಲಿಲ್ಲ. ಬರಲಿಲ್ಲ ಅಂತ ಇವರು ರಿಜಿಸ್ಟರಿನಲ್ಲಿ ಗೈರುಹಾಜರಿ ಹಾಕಿ ಸುಮ್ನೆ ಕೂರಲಿಲ್ಲ. ಚಾಪೆ, ಆಟಿಕೆ, ನೀರಿನ ತಂಬಿಗೆ ಎತ್ತಿಕೊಂಡು ಕೇರಿಯ ಅಂಗಳಕ್ಕೇ ಹೋದರು. ಅಂಗಳಕ್ಕೆ ಬಂದ ಸಾಲಿ, ಅಂಗನವಾಡಿ. ಮುಂದೆ ಕೋಸಬಾಡದ ಗುಡ್ಡದಲ್ಲಿ ದನ ಕಾಯುವ ಮಕ್ಕಳಿಗೆ ಹುಲ್ಲುಗಾವಲಿನಲ್ಲೇ ಪಾಠ ನಡೆಸಿದರು. ಇಂದಿರಾ ಗಾಂಧಿ ಸರ್ಕಾರ 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಐಸಿಡಿಎಸ್, ಅಂದರೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಶುರು ಮಾಡಿದಾಗ ಹೆಸರು ಅಲ್ಲಿಂದ ಬಂತು. ಹೆಸರು ಬಂತು, ಅಂಗಳ ಎಷ್ಟು ಊರಿಗೆ ಬಂತೋ!

ಇನ್ನು ಬರೆಯುವ ವಿಷಯ. ಐವತ್ತರ ತನಕ ಬರೆಯುವ ಬಾಜೂ ಮನೆಯ ಹುಡುಗನ ಮಣಿಕಟ್ಟನ್ನು ಒಮ್ಮೆ ಹಿಡಿದು ನೋಡಿ. ಅಲ್ಲಿ 8 ಸಣ್ಣ ಎಲುಬುಗಳಿರಬೇಕು. ಹುಟ್ಟಿದಾಗ ಎಂಟೂ ಮೆತ್ತಗೆ, ಎಕ್ಸ್‌ರೇ ತೆಗೆದರೆ ಒಂದೂ ಕಾಣುವುದಿಲ್ಲ. ವರ್ಷ ಕಳೆದಂತೆ ಒಂದೊಂದಾಗಿ ನಿಧಾನಕ್ಕೆ ಗಟ್ಟಿಯಾಗುತ್ತಾ ಬರುತ್ತವೆ. ಕೊನೆಯದು ಗಟ್ಟಿಯಾಗುವಷ್ಟರಲ್ಲಿ ಹುಡುಗ ಐದನೇ ಇಯತ್ತೆಗೆ ಬಂದಿರುತ್ತಾನೆ. ಅಂಥ ಕೈಗೆ ಮೂರೂವರೆ ವರ್ಷಕ್ಕೆ ನಾಲ್ಕು ಗೆರೆಯ ಕಾಪಿ ಕೊಟ್ಟು ಹೋಮ್‌ವರ್ಕ್ ಅಂದರೆ? ಕಾಳು ಹೆಕ್ಕುವುದು, ಮಣ್ಣು ನಾದುವುದು, ಕಣಕದ ಉಂಡೆ ಮಾಡುವುದು, ಇವೇ ಆ ಕೈಗೆ ಬರವಣಿಗೆಯ ಮೊದಲ ಪಾಠ. ನಿಮ್ಮ ಮೊಮ್ಮಗಳ ಲಂಗಕ್ಕೆ ಹತ್ತಿದ ಮಣ್ಣನ್ನು ದಯವಿಟ್ಟು ಆ ಲೆಕ್ಕಕ್ಕೆ ಬರೆದುಕೊಳ್ಳಿ.

ಈಗ ನನ್ನ ತಪ್ಪು ಹೇಳುತ್ತೇನೆ. ಇಷ್ಟೆಲ್ಲ ಓದಿಕೊಂಡ ನಾನೇ ಮಗಳನ್ನು ಮೂರು ವರ್ಷಕ್ಕೆ ನಗರದ ಒಂದು ಕಾನ್ವೆಂಟಿಗೆ ಹಾಕಿದ್ದೆ. ಹೆಸರು ಬೇಡ. ಸೀಟು ಸಿಕ್ಕಿದ ದಿನ ಪೇಢೆ ಹಂಚಿದೆ. ಅಲ್ಲಿ ಎಲ್ಲ ಇಂಗ್ಲಿಷಿನಲ್ಲೇ ಕೇಳಬೇಕು, ಉಚ್ಚೆಗೆ ಹೋಗುವುದನ್ನೂ. ಅವಳಿಗೆ ಆ ವಾಕ್ಯ ಬರುತ್ತಿರಲಿಲ್ಲ. ಒಂದು ದಿನ ಫ್ರಾಕು ಒದ್ದೆ ಮಾಡಿಕೊಂಡಳು. ಆಮೇಲೆ ನಮಗೆ ಯಾರಿಗೂ ಹೇಳದೆ ಬೆಳಿಗ್ಗೆ ನೀರು ಕುಡಿಯುವುದನ್ನೇ ಬಿಟ್ಟಳು. ಕಲಬುರಗಿಯ ಮಾರ್ಚ್ ತಿಂಗಳು. ನಮ್ಮವ್ವ ಕಂಡುಹಿಡಿಯುವಷ್ಟರಲ್ಲಿ ನಾಲ್ಕು ದಿನವಾಗಿತ್ತು. ನಾನು ಮಾತ್ರ ಅವಳು 'ಟ್ವಿಂಕಲ್' ಹೇಳುವುದನ್ನು ಬಂದವರ ಮುಂದೆಲ್ಲ ಹೇಳಿಸುತ್ತಿದ್ದೆ.

ನಮ್ಮ ಭಾಗಕ್ಕೆ ಇದು ಹೊಸದೂ ಅಲ್ಲ. 1948ರ ಸೆಪ್ಟೆಂಬರ್ 17ಕ್ಕೆ ಮೊದಲು, ನಿಜಾಮರ ಕಾಲದಲ್ಲಿ, ನಮ್ಮಪ್ಪ ಓದಿದ್ದು ಉರ್ದುವಿನಲ್ಲಿ. ಸಾಯುವ ತನಕ ಮಗ್ಗಿ ಹೇಳಿದ್ದು 'ದೋ ದೂನೀ ಚಾರ್' ಅಂತ. ಉರ್ದು ಚಂದದ ಭಾಷೆ, ನಮ್ಮ ಓಣಿಯ ಭಾಷೆ, ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮನೆಯಲ್ಲಿ ಆ ಮಾತಿಲ್ಲದ ಕೂಸನ್ನು ಮೊದಲ ದಿನವೇ ಮೂಕ ಮಾಡುವ ಸಾಲಿ ಯಾವ ಭಾಷೆಯದಾದರೇನು? ಔರಾದದಲ್ಲಿ ಮರಾಠಿ, ಗುರುಮಠಕಲ್ಲಿನಲ್ಲಿ ತೆಲುಗು, ತಾಂಡಾದಲ್ಲಿ ಲಂಬಾಣಿ. ಅಂಗನವಾಡಿ ಟೀಚರ್ ಅದೇ ಊರಿನವರಾಗಿರಬೇಕು ಅನ್ನುವ ನಿಯಮ ಇರುವುದು ಸುಮ್ನೆ ಅಲ್ಲ. ಕೂಸು ಅವ್ವನ ಹತ್ತಿರ ಕೇಳುವ ಮಾತಿನಲ್ಲೇ ಅವರ ಹತ್ತಿರವೂ ನೀರು ಕೇಳಬಹುದು.

ಇದೆಲ್ಲ ಮುದುಕನ ಮಮತೆಯ ಮಾತು ಅನ್ನಬೇಡಿ. ಅಮೆರಿಕದ ಇಪ್ಸಿಲಾಂಟಿ ಎಂಬ ಊರಿನಲ್ಲಿ 1962ರಲ್ಲಿ ಒಂದು ಪ್ರಯೋಗ ಶುರುವಾಯಿತು. ಬಡ ಕಪ್ಪುಜನರ ಮನೆಯ 123 ಮಕ್ಕಳು. ಅವರಲ್ಲಿ 58 ಮಕ್ಕಳಿಗೆ ಒಳ್ಳೆಯ ಬಾಲವಾಡಿ, ಉಳಿದವರಿಗೆ ಇಲ್ಲ. ಟೀಚರುಗಳು ವಾರಕ್ಕೊಮ್ಮೆ ಮನೆಗೇ ಹೋಗಿ ತಾಯಿಯ ಜೊತೆ ಕೂರುತ್ತಿದ್ದರು. ಬುದ್ಧಿ ಅಳೆಯುವ ಪರೀಕ್ಷೆಯಲ್ಲಿ ಆ ಮಕ್ಕಳು ಮೊದಲು ಮುಂದೆ ಹೋದರು, ಕೆಲವೇ ವರ್ಷಕ್ಕೆ ಆ ಮುನ್ನಡೆ ಕರಗಿತು. ನಿಮ್ಮ ಎ ಟು ಝಡ್ ಕರಗುವಂತೆಯೇ. ಆದರೆ ಅವರನ್ನು 40 ವರ್ಷದವರಾದಾಗ ಹುಡುಕಿ ಮಾತನಾಡಿಸಿದರೆ, ಬಾಲವಾಡಿಗೆ ಹೋದವರಲ್ಲಿ ಹೈಸ್ಕೂಲು ಮುಗಿಸಿದವರು, ಕೆಲಸದಲ್ಲಿದ್ದವರು ಜಾಸ್ತಿ. ಪೊಲೀಸರ ಕೈಗೆ ಸಿಕ್ಕವರು ಕಡಿಮೆ.

ನನ್ನ ಸಿಟ್ಟು ನಿಮ್ಮ ಮೇಲಲ್ಲ, ನಮ್ಮೆಲ್ಲರ ಮೇಲೆ. ಇಟಲಿಯ ರೆಜ್ಜೊ ಎಮಿಲಿಯಾ ಹತ್ತಿರ ವಿಲ್ಲಾ ಚೆಲ್ಲಾ ಎಂಬ ಹಳ್ಳಿ. 1945ರ ವಸಂತ, ಯುದ್ಧ ಮುಗಿದು ವಾರವೂ ಆಗಿಲ್ಲ. ಓಡಿಹೋಗುವ ಜರ್ಮನರು ಒಂದು ಟ್ಯಾಂಕು, ಒಂದಿಷ್ಟು ಲಾರಿ, ಕುದುರೆ ಬಿಟ್ಟುಹೋಗಿದ್ದರು. ಊರವರು ಅವನ್ನು ಮಾರಿದರು. ಬಂದ ಹಣದಲ್ಲಿ ಏನು ಮಾಡುವುದು ಅಂತ ಕೂತು ಮಾತಾಡಿ, ಮಕ್ಕಳ ಸಾಲಿ ಕಟ್ಟೋಣ ಅಂದರು. ಬಾಂಬಿಗೆ ಬಿದ್ದ ಮನೆಗಳ ಇಟ್ಟಿಗೆ ಆರಿಸಿ, ಹೊಳೆಯ ಮರಳು ತಂದು, ರಾತ್ರಿ ಮತ್ತು ಭಾನುವಾರ ದುಡಿದು ಕಟ್ಟಿದರು. ಈ ಸುದ್ದಿ ಕೇಳಿ ಲೋರಿಸ್ ಮಲಗುಝ್ಝಿ ಅನ್ನುವ ತರುಣ ಮಾಸ್ತರ ನಂಬದೆ ಸೈಕಲ್ ತುಳಿದುಕೊಂಡು ನೋಡಲು ಹೋದ. ಅಲ್ಲೇ ಉಳಿದ. ಇವತ್ತು ಆ ಸಾಲಿಗಳನ್ನು ನೋಡಲು ಜಗತ್ತೇ ಹೋಗುತ್ತದೆ.

ನಾವು? ಗುಡಿಯ ಕಳಸಕ್ಕೆ ಪಟ್ಟಿ ಎತ್ತುತ್ತೇವೆ, ತೇರಿನ ಹೊಸ ಗಾಲಿಗೆ ಎತ್ತುತ್ತೇವೆ, ಡಿಜೆಗೂ ಎತ್ತುತ್ತೇವೆ. ಅಂಗನವಾಡಿಯ ತಗಡು ಹಾರಿಹೋದರೆ 'ಸರ್ಕಾರದ್ದು, ಬರ್ತಾರ ಬಿಡು' ಅನ್ನುತ್ತೇವೆ. ಇನ್ನು ಬೀಗದ ವಿಷಯ. ಬೀಗ ಹಾಕಿ ಆ ಟೀಚರ್ ಎಲ್ಲಿಗೆ ಹೋಗಿರುತ್ತಾರೆ? ಮತದಾರರ ಪಟ್ಟಿ ಹಿಡಿದು ಮನೆ ಮನೆಗೆ. ಇಲ್ಲವೇ ಯಾವುದೋ ಸರ್ವೆಗೆ. ಇದ್ದ ಹೊತ್ತಿನಲ್ಲೂ ಸರ್ಕಾರದ ಮೊಬೈಲ್ ಆ್ಯಪ್ ಪೋಷಣ್ ಟ್ರ್ಯಾಕರ್‌ಗೆ ತೂಕ ಹಾಕಬೇಕು, ಫೋಟೋ ಹಾಕಬೇಕು, ನೆಟ್‌ವರ್ಕ್ ಹುಡುಕಿ ಬೇವಿನ ಮರದ ಕೆಳಗೆ ನಿಲ್ಲಬೇಕು. ಇಷ್ಟಕ್ಕೆ ಕೊಡುವುದು ಸಂಬಳ ಅಲ್ಲ, ಗೌರವಧನ. ಅದಕ್ಕೆ ಕೇಂದ್ರ 2018ರಲ್ಲಿ ಗೊತ್ತುಮಾಡಿದ್ದು ತಿಂಗಳಿಗೆ 4,500 ರೂಪಾಯಿ, ಅದರಲ್ಲೂ ಒಂದು ಪಾಲು ರಾಜ್ಯದ್ದೇ, ಅದರ ಮೇಲಿನದೂ ರಾಜ್ಯದ್ದು. ಧನವೂ ಕಡಿಮೆ, ಗೌರವ ಅದಕ್ಕಿಂತ ಕಡಿಮೆ. ಇವರಿಗೂ ಗ್ರಾಚ್ಯುಟಿ ಸಿಗಬೇಕು ಅಂತ ಹೇಳಲು 2022ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು. 2024ರಲ್ಲಿ ನಮ್ಮ ಭಾಗದ ಸರ್ಕಾರಿ ಸಾಲಿಗಳಲ್ಲೇ ಎಲ್‌ಕೆಜಿ ಶುರು ಮಾಡುತ್ತೇವೆ ಅಂತ ಸರ್ಕಾರ ಅಂದಾಗ ಈ ಹೆಣ್ಣುಮಕ್ಕಳು ಬೆಂಗಳೂರಿಗೆ ಹೋಗಿ ಧರಣಿ ಕೂತರು. ನಮ್ಮಲ್ಲೇ ಎಲ್‌ಕೆಜಿ ನಡೆಸಿ, ನಮಗೇ ಕಲಿಸಿ ಅಂದರು. ಪೇಪರಿನಲ್ಲಿ ಅದು ಟ್ರಾಫಿಕ್ ಜಾಮಿನ ಸುದ್ದಿಯಾಗಿ ಬಂತು.

ಮೊಮ್ಮಗಳ ವಿಷಯಕ್ಕೆ ಬರುತ್ತೇನೆ. 'ಒಂದಕ್ಷರ ಕಲಿಸಿಲ್ಲ' ಅಂದಿರಿ. ನಿಮ್ಮ ಪತ್ರದ ಹಿಂಬದಿ ನೋಡಿದ್ದೀರಾ? ಪೆನ್ಸಿಲಿನಲ್ಲಿ ಒಂದು ದೊಡ್ಡ ಸುತ್ತು, ಒಳಗೆ ಎರಡು ಚುಕ್ಕೆ, ಸುತ್ತಿನಿಂದಲೇ ನೆಟ್ಟಗೆ ಇಳಿದ ಎರಡು ಕಾಲು. ಹೊಟ್ಟೆ ಇಲ್ಲ. ಜಗತ್ತಿನ ಯಾವ ಮೂಲೆಯ ಮಕ್ಕಳಾದರೂ ಈ ವಯಸ್ಸಿನಲ್ಲಿ ಮನುಷ್ಯನನ್ನು ಹೆಚ್ಚಾಗಿ ಬರೆಯುವುದು ಹೀಗೇ, ಯಾರೂ ಹೇಳಿಕೊಟ್ಟಿರುವುದಿಲ್ಲ. ಆದರೆ ಇದರಲ್ಲಿ ಚುಕ್ಕೆಗಳ ಕೆಳಗೆ ಇನ್ನೊಂದು ಅಡ್ಡಗೆರೆ ಇದೆ, ಎರಡೂ ಕಡೆ ಮೇಲಕ್ಕೆ ತಿರುಗಿದೆ. ನಮ್ಮ ಕಂಪೋಸ್ ಮಾಡುವವರು ಅದು ನಗು ಅನ್ನುತ್ತಾರೆ. ನನಗೆ ಮೀಸೆ ಅನಿಸುತ್ತದೆ. ನಿಮಗೆ ಮೀಸೆ ಇದೆಯೇ? ಅವಳನ್ನೇ ಕೇಳಿ ಒಂದು ಕಾರ್ಡು ಬರೆಯಿರಿ.